ಹಿಂದೆ ಹಿಂದೆ ನಡೆಯುವ ಕೆಲಸ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಮ್ಮ,

ಮದುವೆಯಾಗಿ ಇಷ್ಟು ದಿನವಾದರೂ ಒಂದು ಸಾಲು ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ. ತಪ್ಪು ನನ್ನದೇ. ಆದರೆ ಅಂಗೈ ತುಂಬ ಬೊಬ್ಬೆ ಎದ್ದು ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಫೋನು ಮಾಡಿದರೆ ನೀನು "ಅಪ್ಪ ಬಂದ್ರು, ಇಡ್ತೀನಿ" ಎನ್ನುತ್ತೀ. ಬೊಬ್ಬೆಗೆ ಹೆದರಬೇಡ, ಅದು ಹಗ್ಗ ಹೊಸೆದು ಬಂದದ್ದು, ನನಗೆ ಅದರ ಮೇಲೆ ಜಂಬವೇ ಇದೆ. ಅಕ್ಷರ ಸೊಟ್ಟಗಿದ್ದರೆ ಬೊಬ್ಬೆಯನ್ನು ಬಯ್ಯಿ. ಕಾಗುಣಿತ ತಪ್ಪಿದ್ದರೆ ಮಾತ್ರ, ಇಂಗ್ಲಿಷ್ ಶಾಲೆಗೆ ಸೇರಿಸಿದ ನಿಮ್ಮನ್ನೇ ಬಯ್ದುಕೊಳ್ಳಿ.

ಇವರು ಚೆನ್ನಾಗಿದ್ದಾರೆ. ನಾರು ಬಿಡಿಸುತ್ತ ಕೂತಾಗ ಇವರ ಹುಬ್ಬಿನ ಮೇಲೆಲ್ಲ ಧೂಳು ಕೂರುತ್ತದೆ. ಅದನ್ನು ಊದುವ ಕೆಲಸ ನನ್ನದು. ಅತ್ತೆ ನೋಡಿಯೂ ನೋಡದಂತೆ ಕೆಮ್ಮುತ್ತಾರೆ.

ಇಲ್ಲಿಯ ಸಂಗತಿ ಹೇಳುತ್ತೇನೆ ಕೇಳು. ಇವರ ಜನ ತಮ್ಮೊಳಗೆ ಬೇರೆಯೇ ಭಾಷೆ ಆಡುತ್ತಾರೆ. ಊರಿನವರಿಗೆ ಅವರು ಬರೀ "ಹಗ್ಗದವರು". ತಲೆಮಾರುಗಳಿಂದ ರೈಲು ಹಳಿಯ ಪಕ್ಕ ಟಾರ್ಪಾಲಿನ ಕೆಳಗೆ ಇದ್ದವರಿಗೆ ಸರ್ಕಾರ ಈ ಮೂರು ಮಹಡಿಯ ಕಟ್ಟಡ ಕೊಟ್ಟಿತು. ನಲ್ಲಿ ಇದೆ, ಕರೆಂಟು ಇದೆ, ಬಾಗಿಲಿಗೆ ಚಿಲಕವಿದೆ. ಬಂದ ಹೊಸದರಲ್ಲಿ ಅತ್ತೆ ಸುಮ್ಮಸುಮ್ಮನೆ ಚಿಲಕ ಹಾಕುವುದು, ತೆಗೆಯುವುದು ಮಾಡುತ್ತಿದ್ದರಂತೆ. ಜೊತೆಗೆ ಮನೆಗೊಂದು ಹೊಲಿಗೆ ಯಂತ್ರವನ್ನೂ ಕೊಟ್ಟರು. ಇಲ್ಲಿ ಯಾರಿಗೂ ಹೊಲಿಗೆ ಬಾರದು. ನಮ್ಮದರ ಮೇಲೆ ಟೀವಿ ಕೂತಿದೆ. "ಎಷ್ಟು ತುಳಿದ್ರೂ ಚಾನೆಲ್ ಬದಲಾಗಲ್ಲ, ಅದೊಂದೇ ಬೇಜಾರು" ಎನ್ನುತ್ತಾರೆ ಮಾವ.

ಕೊಡಲು ಮರೆತದ್ದು ಒಂದೇ, ನೇರವಾದ ಉದ್ದನೆಯ ಜಾಗ. ಹಗ್ಗದ ಕೆಲಸದಲ್ಲಿ ಒಬ್ಬರು ರಾಟೆ ತಿರುಗಿಸುತ್ತಾರೆ. ಇನ್ನೊಬ್ಬರು ಸೊಂಟಕ್ಕೆ ನಾರು ಸುತ್ತಿಕೊಂಡು, ಬೆರಳಲ್ಲಿ ಎಳೆ ಬಿಡುತ್ತ ಹಿಂದೆ ಹಿಂದೆ ನಡೆಯಬೇಕು. ರಾಟೆ ತಿರುಗುವಾಗ ನಿಂತರೆ ಎಳೆ ಗಂಟಾಗುತ್ತದೆ, ಕೈಬಿಟ್ಟರೆ ಹೊಸೆದದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಮೇಲಿನ ಮಹಡಿಯಲ್ಲಿ, ಎಲ್ಲರ ಬಾಗಿಲ ಮುಂದೆ ಹಾಯುವ ಉದ್ದನೆಯ ಓಣಿಯಲ್ಲೇ ಹೊಸೆಯುತ್ತಿದ್ದರು. ಮನೆಯನ್ನು ಕಾರ್ಖಾನೆ ಮಾಡಬಾರದು, ಓಣಿಯ ನಡುವೆ ಅಡ್ಡಗೋಡೆ ಕಟ್ಟುತ್ತೇವೆ ಎಂದು ಕಚೇರಿಯಿಂದ ಹೇಳಿಕಳಿಸಿದರು. ಗೋಡೆ ಬಂದರೆ ಹಗ್ಗವಿಲ್ಲ, ಹಗ್ಗವಿಲ್ಲದಿದ್ದರೆ ಊಟವಿಲ್ಲ. ಪಕ್ಕದ ಮನೆಯವರು ಆಗಲೇ ಹಳೆಯ ಟಾರ್ಪಾಲು ಕೊಡವಿ ಬಿಸಿಲಿಗೆ ಹಾಕಿದ್ದರು.

ಗುರುವಾರ ಅಧಿಕಾರಿಗಳು ನೋಡಲು ಬಂದರು. ಇವರು ಕೆಳಗೆ ಕೈಗಾಡಿಗೆ ಹಗ್ಗ ಹೇರುತ್ತಿದ್ದರು. ಅತ್ತೆ ನನ್ನನ್ನು ಕರೆದರು. "ಕಾನ್ವೆಂಟು, ನಾರು ಸುತ್ಕೋ."

"ನಾನಾ ಅತ್ತೆ? ನಂದಿನ್ನೂ ಹಾವು ಇಲಿ ನುಂಗಿದ ಹಾಗೆ ಬರುತ್ತೆ."

"ಬರ್ಲಿ. ನಮ್ಮನ್ನ ನೋಡಿ ನೋಡಿ ಅವ್ರಿಗೆ ಸಾಕಾಗಿದೆ. ನೀನು ಮಾಡಿದ್ರೆ ನಿಂತು ನೋಡ್ತಾರೆ."

ಅತ್ತೆ ಮೆಟ್ಟಿಲ ಬಳಿ ರಾಟೆ ಹಿಡಿದರು. ನಾನು ಹಿಂದಕ್ಕೆ ನಡೆಯತೊಡಗಿದೆ. ದಾಟಿದ ಒಂದೊಂದು ಬಾಗಿಲಿಂದಲೂ ಒಂದೊಂದು ಕೈ ಹೊರಬಂದು ಎಳೆ ನೆಲಕ್ಕೆ ತಾಗದಂತೆ ಎತ್ತಿ ಹಿಡಿಯಿತು. ಅದನ್ನು ನೀನು ನೋಡಬೇಕಿತ್ತು ಅಮ್ಮ. ಇಡೀ ಓಣಿಯೇ ಒಂದು ಹಗ್ಗ ಹಿಡಿದು ನಿಂತಿತ್ತು.

"ಜನ ಓಡಾಡೋ ದಾರಿ ಅಲ್ವೇನಮ್ಮ ಇದು?" ಎಂದರು ದೊಡ್ಡ ಅಧಿಕಾರಿ.

ಅತ್ತೆ ರಾಟೆ ನಿಲ್ಲಿಸಲಿಲ್ಲ. "ಓಡಾಡೋರೂ ನಾವೇ ಸ್ವಾಮಿ. ನಮಗೆ ನಾವೇ ಅಡ್ಡ ಬರ್ತೀವಾ?"

ಅವರು ನಕ್ಕರು. ಆಗ ಅವರ ಹಿಂದಿದ್ದ ಎಂಜಿನಿಯರು ಬಗ್ಗಿ, ಎಳೆಯ ಮೇಲೆ ಬೆರಳಾಡಿಸಿ, ನೆಟ್ಟಗೆ ನಿಂತರು. ಅಮ್ಮ, ಅದು ಅಪ್ಪ. ಬರುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. "ನನ್ನ ನಕ್ಷೆಯಲ್ಲಿ ಈ ಗೋಡೆ ಇರಲಿಲ್ಲ ಸಾರ್, ಈಗಲೂ ಬೇಡ. ಹಿಂದಿನ ಖಾಲಿ ಜಾಗದಲ್ಲಿ ಉದ್ದಕ್ಕೊಂದು ಶೆಡ್ ಹಾಕಿಕೊಡೋಣ. ಅಲ್ಲಿವರೆಗೆ ಇದು ಹೀಗೇ ಇರಲಿ" ಎಂದರು. ದೊಡ್ಡ ಅಧಿಕಾರಿ ಒಪ್ಪಿಕೊಂಡರು. ಬಾಗಿಲ ಕೈಗಳೆಲ್ಲ ಎಳೆ ಬಿಡದೆಯೇ ಕುಣಿದವು. ನಮ್ಮಪ್ಪ, ನಮ್ಮಪ್ಪ ಎಂದು ಇಡೀ ಕಟ್ಟಡಕ್ಕೆ ಸಾರಬೇಕೆನಿಸಿತು ನನಗೆ.

ಪಕ್ಕದ ಮನೆಯ ಟಾರ್ಪಾಲು ಮತ್ತೆ ಅಟ್ಟ ಸೇರಿತು. ನಾನು ಹೊಸೆದ ಎಳೆಯಲ್ಲಿ ಇಲಿಗಳೇನೋ ಇವೆ, ಆದರೂ ಮಾವ ಅದನ್ನು ಮಾರುವುದಿಲ್ಲವಂತೆ. ನಿನ್ನ ಮಂಡಿನೋವು ಹೇಗಿದೆ? ದಿನಾ ಎಣ್ಣೆ ತಿಕ್ಕಿಕೋ. ಅತ್ತೆ ನಿನಗೆ ನಮಸ್ಕಾರ ತಿಳಿಸಿದ್ದಾರೆ. ನಮ್ಮಿಬ್ಬರ ತಲೆಯ ಮೇಲೆ ಅಲ್ಲಿಂದಲೇ ಕೈ ಇಡು.

ನಿನ್ನ
ಪುಟ್ಟಿ

ವಿ.ಸೂ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಆಗಲಿಲ್ಲ. "ಅವರಿಗೆ ಮನೆ ಕಟ್ಟೋದು ನನ್ನ ಕೆಲಸ, ಆ ಮನೆಗೆ ಮಗಳನ್ನ ಕೊಡೋದಲ್ಲ" ಎಂದು ಮದುವೆಗೆ ಬಾರದೆ ಉಳಿದ ಅಪ್ಪ, ಅವತ್ತು ಎಲ್ಲರನ್ನೂ ಬಿಟ್ಟು ಎಳೆಯ ಪಕ್ಕದಲ್ಲೇ ನನ್ನ ಕಡೆಗೆ ನಡೆದು ಬಂದರು. ರಾಟೆ ತಿರುಗುತ್ತಿತ್ತು. ಅವರು ಒಂದು ಹೆಜ್ಜೆ ಮುಂದಿಟ್ಟರೆ ನಾನು ಒಂದು ಹೆಜ್ಜೆ ಹಿಂದೆ. ಅಷ್ಟು ಕೈಗಳು ಹಿಡಿದಿದ್ದ ಎಳೆಯನ್ನು ಬಿಡಲಾಗಲಿಲ್ಲ. ಕೂಗೋಣವೆಂದುಕೊಳ್ಳುವಷ್ಟರಲ್ಲಿ ಅಪ್ಪ ನಿಂತರು. ನಾನು ದೂರವಾಗುತ್ತಲೇ ಹೋದೆ. ಅವರು ತಿರುಗಿ ಮೆಟ್ಟಿಲಿಳಿದುಬಿಟ್ಟರು. "ನನ್ನ ಮಗಳು ನನ್ನ ನೋಡಿ ಹಿಂದೆ ಸರಿದಳು" ಎಂದು ಕಾರಿನಲ್ಲಿ ಅಂದರಂತೆ, ಮರುದಿನ ಸಿಕ್ಕಾಗ ಡ್ರೈವರು ಇವರಿಗೆ ಹೇಳಿದ. ಅತ್ತೆ ಈಗಲೂ "ಅವ್ರು ನಿಮ್ಮಪ್ಪ ಅಂತ ಮೊದ್ಲೇ ಹೇಳಿದ್ರೆ ರಾಟೆ ನಿಲ್ಲಿಸ್ತಿದ್ನಲ್ಲೇ" ಎಂದು ಕೊರಗುತ್ತಾರೆ.

ಅಪ್ಪನಿಗೆ ಹೇಳಮ್ಮ. ಓಣಿಯ ಆ ತುದಿಯಲ್ಲೂ ಮೆಟ್ಟಿಲಿದೆ, ಅವರೇ ಇಟ್ಟದ್ದು. ಇನ್ನೊಮ್ಮೆ ಅಲ್ಲಿಂದ ಹತ್ತಿ ಬಂದು ಸುಮ್ಮನೆ ನಿಂತಿರಲಿ, ಸಾಕು. ನಾನು ಹಿಂದೆ ಹಿಂದೆ ನಡೆದು ಅವರ ಹತ್ತಿರವೇ ಬರುತ್ತೇನೆ.