ಹೊಸ ಬೆರಕೆಯ ವಾರ್ನಿಷ್

ಮಾನ್ಯ ಲೆನ್ನಾರ್ಟ್ ಅವರೇ,

ನಿಮ್ಮ ಕಾರ್ಖಾನೆ ಹಳೆಯ ಹೆಸರಿನ ಡಬ್ಬಿಯಲ್ಲೇ ಹೊಸ ಬೆರಕೆಯ ವಾರ್ನಿಷ್ ತುಂಬಿ ಮಾರಿತು. ಹೋದ ಬೇಸಿಗೆಯಲ್ಲಿ ನಾನದನ್ನು ಬಳಿದ ದೋಣಿಗಳೆಲ್ಲ ಸಿಪ್ಪೆ ಸುಲಿದುಹೋದವು. "ಏನಕ್ಕಾ ಗುನ್ವೋರ್, ದೋಣಿಗೂ ಪೊರೆ ಬಿಡೋದು ಕಲಿಸಿದ್ಯಾ?" ಎಂದು ದ್ವೀಪವೆಲ್ಲ ನಕ್ಕಿತು. ಅಪ್ಪನ ಕಾಲದ ಗಿರಾಕಿಗಳೂ ಬಿಟ್ಟುಹೋದರು. ದೂರಿಕೊಂಡರೆ, "ವಾರ್ನಿಷ್ ಚೆನ್ನಾಗಿದೆ, ಬಳಿದ ಕೈ ಸರಿಯಿಲ್ಲ" ಎಂದಿರಿ.

ಈ ವಸಂತದಲ್ಲಿ ನಿಮ್ಮ ಸ್ವಂತ ದೋಣಿಯನ್ನು ನನ್ನಲ್ಲಿಗೆ ಕಳಿಸಿ, "ಹಳೇ ಸರಕು ಉಳಿದಿದ್ರೆ ಅದನ್ನೇ ಹಚ್ಚು, ಯಾರಿಗೂ ಹೇಳ್ಬೇಡ" ಎಂದು ಹೇಳಿಕಳಿಸಿದಿರಿ. ಒಂದು ಡಬ್ಬಿ ಉಳಿದಿತ್ತು. ಅದನ್ನು ಮೀನುಗಾರ ಆರ್ವಿಡ್‌ನ ದೋಣಿಗೆ ಬಳಿದೆ. ನಿಮ್ಮದಕ್ಕೆ ನಿಮ್ಮ ಹೊಸದನ್ನೇ ಬಳಿದಿದ್ದೇನೆ. ಬಿಸಿಲಿಗೆ ಆಗಲೇ ಗುಳ್ಳೆ ಎದ್ದಿವೆ.

ನಡುಬೇಸಿಗೆಯ ಹಬ್ಬಕ್ಕೆ ಎಲ್ಲರೂ ದೋಣಿಗಳಿಗೆ ಬರ್ಚ್ ಮರದ ಎಲೆ ಕಟ್ಟಿ ಬರುವಾಗ, ನಿಮ್ಮದನ್ನು ಆರ್ವಿಡ್‌ನ ದೋಣಿಯ ಪಕ್ಕದಲ್ಲೇ ನಿಲ್ಲಿಸಿರುತ್ತೇನೆ. ದಯವಿಟ್ಟು ಬಿಳಿ ಬಟ್ಟೆ ತೊಟ್ಟು ಬರಬೇಡಿ, ಸಿಪ್ಪೆ ಅಂಟುತ್ತದೆ.

ಇತಿ,
ದೋಣಿಕಟ್ಟೆಯ ಗುನ್ವೋರ್