ಅಮ್ಮ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ

ಪ್ರೀತಿಯ ಅಕ್ಕಾ,

ನೀನು ಹೋಗಿ ವರ್ಷ ತುಂಬಿತು. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಬಿಟ್ಟರೆ ಬೇರೆ ದೂರಿಲ್ಲ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಆಮೇಲೆ ಕಾಫಿ, ಎಲ್ಲ ಮೊದಲಿನಂತೆಯೇ. ನಿನಗೊಂದು ಸುದ್ದಿ ಹೇಳಬೇಕು, ಅಮ್ಮನ ಬಾಯಿಂದಲೇ ಕೇಳಿದ್ದು. ಅದನ್ನಷ್ಟೇ ಹೇಳಿದರೆ ನೀನು ಅರ್ಧಕ್ಕೇ ವಾದಕ್ಕಿಳಿಯುತ್ತೀಯ ಎಂದು ಗೊತ್ತು. ಹಾಗಾಗಿ ಮೊದಲಿನಿಂದ ಬರೆಯುತ್ತೇನೆ.

ನೀನು ಕೊರಳಿನ ಲಿಂಗ ತೆಗೆದುಕೊಟ್ಟ ದಿನ ನೆನಪಿದೆಯಾ? ವಿಜಯನಗರದ ಮನೆಯಲ್ಲಿ ಎಲ್ಲರೂ ದೋಸೆ ತಿನ್ನುತ್ತಿದ್ದೆವು. ನಾನೂ ಹೊಸಹಳ್ಳಿಯಿಂದ ಬಂದಿದ್ದೆ. ನೀನು ತಟ್ಟೆ ಮುಟ್ಟದೆ ಅಮ್ಮನ ಮುಂದೆ ನಿಂತು, "ಇದು ನನ್ನ ಹತ್ರ ಇದ್ರೆ ಸುಳ್ಳಾಗುತ್ತಮ್ಮ. ನೀನೇ ಇಟ್ಕೋ" ಎಂದೆ. ಅಮ್ಮ ಎರಡೂ ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಮಾತಾಡಿದವನು ಲೋಕೇಶ. ತಮ್ಮನಾದರೂ ಅಪ್ಪ ಹೋದ ಮೇಲೆ ಮನೆಯ ಯಜಮಾನ ತಾನೇ ಎಂಬ ಭಾವನೆ ಅವನಿಗೆ.

"ಏನು ಕೊಟ್ರಕ್ಕ ಅವ್ರು ನಿಂಗೆ?" ಎಂದ.

"ಗಂಜಿ ಕೊಟ್ರು ಕಣೋ" ಎಂದೆ ನೀನು.

ಅವನು ಅದನ್ನು ಕೊಂಕು ಎಂದುಕೊಂಡ. ನನಗೂ ಆಗ ಅರ್ಥವಾಗಿರಲಿಲ್ಲ. ಭಾವ ತೀರಿಕೊಂಡ ಮೇಲೂ ನೀನು ಲಗ್ಗೆರೆಯ ಮನೆ ಬಿಡಲಿಲ್ಲ, ಗಾರ್ಮೆಂಟ್ಸ್ ಕೆಲಸ ಬಿಡಲಿಲ್ಲ. ತವರಿಗೆ ಭಾರವಾಗಬಾರದೆಂಬ ಹಟ. ಕಾಮಾಲೆಯಾಗಿ ಮಲಗಿದಾಗ ನಮಗೆ ಫೋನು ಕೂಡ ಮಾಡಲಿಲ್ಲ. ಗಾರ್ಮೆಂಟ್ಸಿನಲ್ಲಿ ಪಕ್ಕದ ಮಷೀನಿನಲ್ಲಿ ಹೊಲಿಯುತ್ತಿದ್ದ ರೋಸಮ್ಮ ಹುಡುಕಿಕೊಂಡು ಬಂದು, ತಲೆ ಬಾಚಿ, ಬಟ್ಟೆ ಒಗೆದು, ದಿನಾ ಗಂಜಿ ಕುಡಿಸಿದ್ದು ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಎದ್ದು ಓಡಾಡುವಂತಾದ ಮೇಲೆ ನೀನೇ ಕೇಳಿದೆಯಂತೆ, "ನೀವು ಭಾನುವಾರ ಎಲ್ಲಿಗೆ ಹೋಗ್ತೀರಿ ರೋಸಮ್ಮಾ?" ಎಂದು. ಅವರು ಕರೆದರೋ, ನೀನೇ ಹೋದೆಯೋ... ಅದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ.

ನೀನು ಅವರ ಕ್ರೈಸ್ತ ಸಭೆಗೆ ಹೋದದ್ದಕ್ಕೆ ನನ್ನ ತಕರಾರಿರಲಿಲ್ಲ. ನಮ್ಮನ್ನೂ ಕರೆಯಲು ಶುರು ಮಾಡಿದೆಯಲ್ಲ, ಅದು ನನಗೆ ಹಿಡಿಸಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದದ್ದೇ ಬಸ್ಸು ಹತ್ತಿ ಬಂದು, ಅಮ್ಮನ ಮಂಡಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಿದ್ದೆ. ಅಮ್ಮ ಹಣೆಯ ವಿಭೂತಿ ಹಾಗೇ ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಕಣ್ಣು ಬಿಟ್ಟ ಮೇಲೆ ನಿನ್ನ ಪ್ರಶ್ನೆ ಒಂದೇ: "ಒಂದ್ಸಲ ನಮ್ಮ ಸಭೆಗೆ ಬಾರಮ್ಮ, ಬರ್ತೀಯಾ?" ಅಮ್ಮನ ಉತ್ತರವೂ ಒಂದೇ: "ನೋಡೋಣ. ಮೊದ್ಲು ಊಟ ಮಾಡು." ಅವರೆಕಾಳಿನ ಕಾಲದಲ್ಲಿ ಹಿತಕಿದ ಬೇಳೆ ಸಾರು, ಇಲ್ಲದಿದ್ದರೆ ಬಸ್ಸಾರು. ನೀನು ಮುದ್ದೆ ಮುರಿಯುತ್ತಲೂ ಅದೇ ಮಾತು ಮುಂದುವರಿಸುತ್ತಿದ್ದೆ. ನಿನಗೆ ಬೇಸರವೇ ಆಗುತ್ತಿರಲಿಲ್ಲವಲ್ಲ ಅಕ್ಕ, ಅದು ಹೇಗೆ?

ಒಂದು ಭಾನುವಾರ ನಿನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದವಳು ತಡೆಯಲಾರದೆ ಕೇಳಿದೆ. "ನಿನ್ನ ದೇವರು ನಿಂಗೆ ಇರ್ಲಿ ಅಕ್ಕ. ಬೇರೆಯವ್ರ ದೇವ್ರನ್ನ ಯಾಕೆ ಬಿಡಿಸ್ಬೇಕು?"

"ನೀನು ಸಿಕ್ಕಸಿಕ್ಕೋರಿಗೆಲ್ಲ ವಿಮೆ ಮಾಡಿಸ್ಕೊಳ್ಳಿ ಅಂತ ಬೆನ್ನು ಬೀಳಲ್ವಾ?"

"ಅದು ನನ್ನ ಹೊಟ್ಟೆಪಾಡು."

"ನಮ್ಮ ಬೀದಿ ಗೀತಕ್ಕನ ಗಂಡ ಆಕ್ಸಿಡೆಂಟಲ್ಲಿ ಹೋದಾಗ ನೀನು ಏನಂದೆ? ಇನ್ನೊಂದು ಸಲ ಹೋಗಿ ಒತ್ತಾಯ ಮಾಡಿದ್ರೆ ಮಾಡಿಸ್ಕೊಳ್ತಿದ್ರೇನೋ ಅಂತ ಅತ್ತೆ. ಅದೂ ಹೊಟ್ಟೆಪಾಡಿಗಾ?"

ನಾನು ಬಸ್ಸು ಬರುವ ದಾರಿ ನೋಡಿದೆ. ನೀನು ಬಿಡಲಿಲ್ಲ. "ನಮ್ಮೋರೇನು ಹುಟ್ತಾನೇ ಲಿಂಗ ಕಟ್ಕೊಂಡು ಬಂದ್ರಾ? ಯಾವ ಕಾಲದಲ್ಲೋ ಯಾರೋ ಬಾಗ್ಲಿಗೆ ಬಂದು, ಬನ್ನಿ ಅಂತ ಕರೆದಿದ್ದಕ್ಕೆ ತಾನೇ..." ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯಿಂದ ಕೈ ಬೀಸಿದೆ, ಗೆದ್ದವಳ ಹಾಗೆ. ನಾನು ಮನೆಗೆ ನಡೆಯುತ್ತ ಯೋಚಿಸಿದೆ. ವಿಮೆ ಇದ್ದವರ ಮನೆಗೆ ದುಡ್ಡು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀನು ಹೇಳುವ ಸ್ವರ್ಗದಿಂದ ಹಿಂತಿರುಗಿ ಬಂದು ಹೇಳಿದವರು ಯಾರು? ಮುಂದಿನ ವಾರ ಅದನ್ನೇ ಕೇಳಿದೆ. "ಕಂಡಿದ್ರೆ ಅದನ್ನ ನಂಬಿಕೆ ಅಂತಾರಾ ಕಣೇ?" ಎಂದುಬಿಟ್ಟೆ ನೀನು.

ಆಮೇಲೆ ಲೋಕೇಶನ ಮಗಳ ನಿಶ್ಚಿತಾರ್ಥ. ಬೀಗರು ಮಠಕ್ಕೆ ನಡೆದುಕೊಳ್ಳುವ ಜನ ಎಂದು ಗೊತ್ತಿದ್ದೂ ನೀನು ಹುಡುಗನ ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವರ ಸಕ್ಕರೆ ಕಾಯಿಲೆಗೆ ಪ್ರಾರ್ಥನೆ ಮಾಡುವುದಾಗಿ ಹೇಳಿದೆ. ಅವರ ಕೈಗೆ ಒಂದು ಕರಪತ್ರವನ್ನೂ ಕೊಟ್ಟೆ. ಅವರು ನಕ್ಕು ಬ್ಯಾಗಿಗೆ ಹಾಕಿಕೊಂಡರು. ಲೋಕೇಶ ನಗಲಿಲ್ಲ. ಎಲ್ಲರೂ ಹೊರಟ ಮೇಲೆ, "ಇನ್ಮೇಲೆ ಈ ಮನೆಗೆ ಬರ್ಬೇಡ" ಎಂದ. ನೀನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಆ ದಿನ ತಪ್ಪು ನಿನ್ನದೇ ಎಂದು ನಾನು ಈಗಲೂ ಹೇಳುತ್ತೇನೆ. ಮದುವೆ ಮುರಿಯಬಹುದಿತ್ತು. ಅದು ನಿನಗೆ ಗೊತ್ತಿತ್ತು, ಆದರೂ ಸುಮ್ಮನಿರಲಾಗಲಿಲ್ಲ.

ಮುಂದಿನ ಭಾನುವಾರ ನೀನು ಬರಲಿಲ್ಲ. ಅದರ ಮುಂದಿನದೂ ಹಾಗೇ ಕಳೆಯಿತು. ಆಮೇಲೊಂದು ಭಾನುವಾರ ಅಮ್ಮ ಊಟದ ಡಬ್ಬಿ ಕಟ್ಟಿಕೊಂಡು, ಕೋಲು ಹಿಡಿದು, ಮೆಟ್ಟಿಲಿಳಿಯತೊಡಗಿದಳು. ಲೋಕೇಶ ಓಡಿಬಂದು ಎಲ್ಲಿಗೆ ಎಂದು ಕೇಳಿದ. "ಲಗ್ಗೆರೆಗೆ. ಅವ್ಳು ಬರೋ ಹಾಗಿಲ್ಲ ಅಂದ್ಯಲ್ಲ, ನಾನು ಹೋಗೋ ಹಾಗಿದೀನಿ" ಎಂದಳು. ಅವನು ಅಮ್ಮನನ್ನು ಮೆಟ್ಟಿಲ ಮೇಲೇ ಕೂರಿಸಿ, ಸ್ಕೂಟರ್ ತೆಗೆದುಕೊಂಡು ಹೋಗಿ ನಿನ್ನನ್ನು ಕರೆದುಕೊಂಡು ಬಂದ. ಅದಾದ ಮೇಲೆ ಅವನು ನಿನ್ನನ್ನು ತಡೆಯಲಿಲ್ಲ.

ನಿನ್ನ ಕಿಡ್ನಿ ಕೆಟ್ಟ ಮೇಲೆ ಡಯಾಲಿಸಿಸ್‌ಗೆ ನಾನೇ ಜೊತೆಗೆ ಬರುತ್ತಿದ್ದೆ. ಡಯಾಲಿಸಿಸ್ ಮಷೀನಿಗೆ ಕೈ ಕೊಟ್ಟು ಮಲಗಿದ್ದವಳು ಒಂದು ದಿನ ನಾನು ಕೇಳದೆಯೇ ಶುರು ಮಾಡಿದೆ. "ಸುಮಾ, ಮೊದಮೊದ್ಲು ಸಭೇಲಿ ಕೇಳೋರು, ಈ ವಾರ ಯಾರನ್ನ ಕರ್ಕೊಂಡು ಬಂದ್ರಿ ಅಂತ. ಯಾರೂ ಇಲ್ಲ ಅನ್ನೋಕೆ ನಾಚ್ಕೆ ಆಗೋದು. ಅದಕ್ಕೂ ನಿಮ್ಮ ಹಿಂದೆ ಬಿದ್ದಿರ್ಬೋದು."

"ಈಗ?"

"ಈಗ ಭಯ ಕಣೇ. ನಾನು ಅಲ್ಲಿಗೆ ಹೋಗಿ ನೋಡಿದ್ರೆ ನಿಮ್ಮಲ್ಲಿ ಒಬ್ರೂ ಇಲ್ದೆ..." ನೀನು ಇನ್ನೊಂದು ಕೈಯಿಂದ ಹೊದಿಕೆ ಎಳೆದುಕೊಂಡೆ. "ಒಂದೊಂದ್ಸಲ ಇನ್ನೊಂದು ಭಯ. ನಾನೊಬ್ಳೇ ನಂಬಿದ್ರೆ ತಪ್ಪು ತಿಳ್ಕೊಂಡಿದೀನೇನೋ ಅನ್ಸುತ್ತೆ. ಅಮ್ಮ ಒಬ್ಳು ಹೂಂ ಅಂದ್ಬಿಟ್ರೆ ಧೈರ್ಯ ಬರುತ್ತೆ."

ನೀನು ಇಷ್ಟು ವರ್ಷ ಹೇಳಿದ್ದರಲ್ಲಿ ನಾನು ಪೂರ್ತಿ ನಂಬಿದ್ದು ಇದೊಂದನ್ನೇ. ನಿನ್ನ ಕಾಲು ಒತ್ತುತ್ತ ಕೂತೆ. ನಾನು ಬರುತ್ತೇನೆ ಎಂದು ಸುಳ್ಳು ಹೇಳಲಿಲ್ಲ. ನೀನೂ ಕೇಳಲಿಲ್ಲ.

ನೀನು ಹೋದ ದಿನ ನಡೆದದ್ದು ನಿನಗೆ ಗೊತ್ತಿಲ್ಲ. ಲಗ್ಗೆರೆಯ ಮನೆಯಲ್ಲಿ ನಿನ್ನ ಸಭೆಯವರು ತುಂಬಿದ್ದರು. ಪೆಟ್ಟಿಗೆ ಬಂದಿತ್ತು. ಆಗ ಲೋಕೇಶ ದೇವರ ಗೂಡಿನಿಂದ ತಂದಿದ್ದ ನಿನ್ನ ಲಿಂಗವನ್ನು ಜೇಬಿನಿಂದ ತೆಗೆದ. "ನಮ್ಮೋರ ಹಾಗೆ ಕೂರಿಸೋದು ಬೇಡ, ಮಲಗಿಸಿಯೇ ಮಣ್ಣು ಮಾಡ್ಲಿ, ನಾನು ಬೇಡ ಅನ್ನಲ್ಲ. ಇದನ್ನ ಮಾತ್ರ ಅಕ್ಕನ ಕೈಲಿ ಇಡ್ತೀನಿ" ಎಂದ. ಪಾಸ್ಟರು ರೋಸಮ್ಮನ ಮುಖ ನೋಡಿದರು, ರೋಸಮ್ಮ ಅಮ್ಮನ ಮುಖ ನೋಡಿದರು. ಅಮ್ಮ ಕೈ ಚಾಚಿ ಲಿಂಗವನ್ನು ತಾನು ತೆಗೆದುಕೊಂಡಳು.

"ಬದುಕಿದ್ದಾಗ ಅವ್ಳೇ ಕೈಯಾರೆ ತೆಗೆದುಕೊಟ್ಟಿದ್ದು ಕಣಪ್ಪ. ಬೇಡ ಅನ್ನೋಕೆ ಬಾಯಿಲ್ಲದಾಗ ನಾವು ಇಡೋದು ಸರಿಯಲ್ಲ."

ಲೋಕೇಶ ಆಚೆ ಹೋಗಿ ಅತ್ತ. ನಿನ್ನನ್ನು ನಿನ್ನವರ ಕ್ರಮದಲ್ಲೇ ಕಳಿಸಿದೆವು. ವಿಭೂತಿ ಹಚ್ಚಿಕೊಂಡೇ ಅವನೂ ಹಿಡಿ ಮಣ್ಣು ಹಾಕಿದ. ರೋಸಮ್ಮ ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟರು.

ಇನ್ನು ಸುದ್ದಿ. ಹೋದ ವಾರ ಅಮ್ಮನ ಮಂಡಿಗೆ ಎಣ್ಣೆ ಹಚ್ಚುತ್ತಿದ್ದಾಗ ನಿನ್ನ ಮಾತು ಬಂತು. ನೀನು ಡಯಾಲಿಸಿಸ್‌ನಲ್ಲಿ ಹೇಳಿದ್ದನ್ನೆಲ್ಲ ನಾನು ಅಮ್ಮನಿಗೆ ಹೇಳಿದೆ. ಅಮ್ಮ ಇನ್ನೊಂದು ಮಂಡಿಯನ್ನೂ ಮುಂದೆ ಚಾಚಿದಳು. ಆಮೇಲೆ ನಾನೇ ಕೇಳಿದೆ. "ಅವ್ಳು ಕರೆದಾಗೆಲ್ಲ ನೋಡೋಣ ನೋಡೋಣ ಅಂತಿದ್ಯಲ್ಲಮ್ಮ, ಹೋಗೋ ಮನಸ್ಸೇನಾದ್ರೂ ಇತ್ತಾ?"

"ಇಲ್ಲ ಕಣೇ. ನಂಗೆ ನನ್ನ ಲಿಂಗ ಸಾಕು."

"ಮತ್ತೆ ಒಂದ್ಸಲ ಬೇಡ ಅಂದಿದ್ರೆ ಆಗ್ತಿತ್ತಲ್ಲ. ಅಷ್ಟು ವರ್ಷ ಯಾಕೆ ಎಳೆದೆ?"

"ಬೇಡ ಅಂದಿದ್ರೆ ನೊಂದ್ಕೊಂಡು ಬರೋದು ನಿಲ್ಲಿಸ್ತಿದ್ಲು. ಹೂಂ ಅಂದಿದ್ರೆ ಅಮ್ಮಂದು ಆಯ್ತಲ್ಲ ಅಂತ ಇನ್ಯಾರನ್ನೋ ಕರೆಯೋಕೆ ಹೋಗ್ತಿದ್ಲು" ಎಂದಳು ಅಮ್ಮ. "ನಂಗೆ ಮಗಳು ಬರ್ಬೇಕಿತ್ತು."

ಇಷ್ಟೇ ಅಕ್ಕ. ಇದನ್ನು ನೀನು ಇರುವಾಗಲೇ ಕೇಳಿಸಿಕೊಳ್ಳಬೇಕಿತ್ತು.

ನಿನ್ನ ತಂಗಿ,
ಸುಮಾ