ಬ್ಯಾಗಿನ ಹುಡುಗ ಸಂಬಂಧ ಕೇಳಲು ಬಂದವನಲ್ಲ

ಮಾವ,

ನಿಮ್ಮ ಮಗನನ್ನು ನೋಡಲು ಮೈಸೂರಿನ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಮುದ್ದೆ, ಉಪ್ಪೆಸರು ಒಲೆ ಪಕ್ಕ ಮುಚ್ಚಿಟ್ಟಿದ್ದೇನೆ. ಎಮ್ಮೆಗೆ ಬೂಸ ಕಲಸಿಟ್ಟಿದೆ, ನೀವು ಇಟ್ಟರೆ ಸಾಕು.

ಮೊನ್ನೆ ಬಂದಿದ್ದ ಬ್ಯಾಗಿನ ಹುಡುಗ ನಿಮ್ಮ ಮಗಳಿಗೆ ಸಂಬಂಧ ಕೇಳಿಕೊಂಡು ಬಂದವನಲ್ಲ ಮಾವ. ನಿಮ್ಮ ಮಗ ಕೆಲಸ ಮಾಡುವ ಹುಣಸೂರಿನ ಫ್ಯಾಕ್ಟರಿಯವರು ಕಳಿಸಿದ ವಿಮೆ ಕಂಪನಿಯವನು. ಕುಡಿತ ಬಿಡಿಸುವ ಖರ್ಚು ವಿಮೆಯಿಂದ ಕೊಡಬೇಕಾದರೆ, ಇವರು ಕುಡಿಯುವುದು ನಿಜವೇ ಅಂತ ಮನೆಗೆ ಬಂದು ಕೇಳುತ್ತಾರೆ. ಹೋದ ವಾರವೇ ಹೇಳಿದ್ದೆ. ನೀವು ರೇಡಿಯೊ ಕೇಳುತ್ತಿದ್ದಿರಿ.

"ಮನೇಲಿ ಯಾರಾದ್ರೂ ಕುಡೀತಾರಾ" ಅಂತ ಅವನು ಕೇಳಿದರೆ, "ನಮ್ಮ ವಂಸದಲ್ಲೇ ಯಾರೂ ಮುಟ್ಟಾಕಿಲ್ಲ ಕಣಪ್ಪ" ಅಂದಿರಂತೆ. ಅದೂ ಸಾಲದೆ ಚಂದ್ರಕಲಾಗೆ ಸೀರೆ ಉಡಿಸಿ ಅವಳ ಕೈಲೇ ಕಾಫಿ ಕೊಡಿಸಿದಿರಂತೆ. ಅವನು ಪಾಪ, ಆ ಮನೆಯಲ್ಲಿ ಕುಡಿಯುವವರೇ ಇಲ್ಲ ಅಂತ ಬರೆದುಕೊಟ್ಟಿದ್ದಾನೆ. ನಾನು ನಗಲೋ ಅಳಲೋ.

ನಾನು ಕಂಪನಿಯವರ ಕೈಕಾಲು ಹಿಡಿದಿದ್ದಕ್ಕೆ ಇವತ್ತು ಅವನನ್ನೇ ಮತ್ತೆ ಕಳಿಸುತ್ತಿದ್ದಾರೆ. ಇದ್ದದ್ದು ಇದ್ದ ಹಾಗೆ ಹೇಳಿ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಹಿಂದೆ ಕುಡಿದು ಬಿದ್ದಿದ್ದವರನ್ನು ನೀವೇ ಹೆಗಲು ಕೊಟ್ಟು ಕರೆತಂದದ್ದನ್ನೂ ಹೇಳಿ. ಸೀರೆ ಬೇಡ, ಕಾಫಿ ಸಾಕು.

ಮರ್ಯಾದೆ ಹೋಗುತ್ತೆ ಅನ್ನಬೇಡಿ. "ನಾನು ಕುಡುಕ, ಹೆಂಗಾದ್ರೂ ಬಿಡಿಸಿ" ಅಂತ ಅವರೇ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿದ್ದಾರೆ. ಮದುವೆಯಾದಾಗಿನಿಂದ ಕುಡಿತದ ವಿಷಯದಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ನಿಜ ಅದು. ಅದನ್ನು ನೀವು ಸುಳ್ಳು ಮಾಡಬೇಡಿ.